ರಜೆಯಲ್ಲದ ರಜೆ

ಸೆಕ್ಟರ್ ಫೈವ್, ಕೋಲ್ಕತ್ತಾ
ಸೋಮವಾರ

ಪ್ರೀತಿಯ ಅಮ್ಮಾ,

ಗೆದ್ದೆವು! ಶನಿವಾರ, ಭಾನುವಾರ ಆಫೀಸಿನ ಸಪೋರ್ಟ್ ಫೋನ್ ಹಿಡಿದು ಮನೆಯಲ್ಲಿ ಕಾಯುವುದಕ್ಕೂ ಇನ್ನು ಮೇಲೆ ಸಂಬಳವಿದೆ, ಒಂದು ಕರೆ ಬರದಿದ್ದರೂ.

"ಫೋನ್ ಬರದಿದ್ದರೆ ಅದು ರಜೆಯೇ ಅಲ್ವಾ?" ಎಂದು ಮ್ಯಾನೇಜರ್ ಅನಿರ್ಬಾನ್‌ದಾ (ಇಲ್ಲಿ ದಾ, ದಾದಾ ಎಂದರೆ ಅಣ್ಣ) ಮೀಟಿಂಗಿನಲ್ಲಿ ಕೇಳಿದ್ದರು. "ಹಾಗಾದರೆ ಈ ವಾರ ನೀವೇ ಇಟ್ಟುಕೊಳ್ಳಿ ದಾದಾ," ಎಂದು ಫೋನನ್ನು ಅವರ ಮುಂದಿಟ್ಟೆ. ಅವರು ನಗುತ್ತಲೇ ತೆಗೆದುಕೊಂಡರು.

ಆ ಶನಿವಾರ, ಭಾನುವಾರ ಫೋನ್ ಒಮ್ಮೆಯೂ ರಿಂಗಾಗಲಿಲ್ಲ. ಆದರೂ ಅವರು ಮೀನು ತರಲು ಹೋಗಲಿಲ್ಲ, ಮಗಳ ನೃತ್ಯ ನೋಡಲೂ ಹೋಗಲಿಲ್ಲವಂತೆ. ಹೋದ ಸೋಮವಾರ ತಾವೇ ಮೇಲಿನವರ ಬಳಿ ಹೋಗಿ, "ಇದು ರಜೆಯಲ್ಲ, ಕೆಲಸ," ಎಂದು ಒಪ್ಪಿಸಿ ಬಂದರು. ಈಗ ಆ ಫೋನ್ ಸರದಿಯಂತೆ ಎಲ್ಲರ ಮನೆಗೂ ಹೋಗುತ್ತದೆ.

ನಿನ್ನೆ ನನಗೆ ಬಿಡುವಿತ್ತು. ಬಾರಾನಗರದ ಘಾಟಿನಲ್ಲಿ ದೋಣಿ ಹತ್ತಿ, ನೀನು ದೋಸೆ ಹುಯ್ಯುವಾಗ ಹೇಳಿಕೊಳ್ಳುವ ಹಾಡನ್ನು ಗಟ್ಟಿಯಾಗಿ ಹಾಡಿಬಿಟ್ಟೆ. ಪಕ್ಕದಲ್ಲಿದ್ದ ಬಂಗಾಳಿ ಅಜ್ಜಿ ನನ್ನ ಮೊಣಕೈ ಹಿಡಿದು, "ಆರೋ ಏಕ್‌ಟಾ," ಇನ್ನೊಂದು ಹಾಡು, ಎಂದರು. ನನಗೆ ಬರುವುದು ಅದೊಂದೇ!

ಬೇಗ ಇನ್ನೆರಡು ಹಾಡು ಬರೆದು ಕಳಿಸು. ಅಜ್ಜಿ ಪ್ರತಿ ಭಾನುವಾರ ಅದೇ ದೋಣಿಯಲ್ಲಿ ಹೋಗುತ್ತಾರಂತೆ.

ನಿನ್ನ ಮಗಳು,
ಅಪೂರ್ವಾ