ಗೆರೆಯಾಚೆ ಬಿಟ್ಟ ಶೂಗಳು

ಬೈರಯ್ಯ ಸಾರ್,

ನೀವು ಓದುವುದಿಲ್ಲ ಎನ್ನುವ ಧೈರ್ಯದಿಂದಲೇ ಇದನ್ನು ಬರೆಯುತ್ತಿದ್ದೇನೆ. ನೀವು ತೀರಿಕೊಂಡ ಮೇಲೆ ನಾಯಂಡಹಳ್ಳಿಯ ಹಾಕಿ ಹುಡುಗಿಯರನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ವಿಜಯನಗರದ ಕಡೆಯ ಒಂದು ಕ್ಲಬ್ ಈಗ ನಮ್ಮ ಜೊತೆ ಕೈಜೋಡಿಸಿದೆ. ಎಲ್ಲರಿಗೂ ಹೊಸ ಶೂ ಕೊಟ್ಟು, "ಎಲ್ಲ ಮಕ್ಕಳಿಗೂ ಹಾಕಿ" ಅಂತ ಬ್ಯಾನರ್ ಕಟ್ಟಿ, ಇವತ್ತು ಮಧ್ಯಾಹ್ನ ತಮ್ಮ ಟರ್ಫ್‌ಗೆ ಕರೆಸಿಕೊಂಡರು.

ನಿಮ್ಮ ಮಣ್ಣಿನ ಮೈದಾನದಲ್ಲಿ ಮಾಡುತ್ತಿದ್ದಂತೆಯೇ ಮಕ್ಕಳು ಶೂಗಳನ್ನು ಗೆರೆಯಾಚೆ ಸಾಲಾಗಿ ಬಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಆ ಪ್ಲಾಸ್ಟಿಕ್ ಹುಲ್ಲು ಬಿಸಿಲಿಗೆ ಹೆಂಚಿನಂತೆ ಕಾದಿತ್ತು. ನಾನು ಶಾಮಿಯಾನದ ನೆರಳಲ್ಲಿ ಅತಿಥಿಗಳ ಪಕ್ಕ ಕೂತಿದ್ದೆ. ಭಾಷಣ, ಫೋಟೊ ಮುಗಿಯುವವರೆಗೂ ಒಬ್ಬಳೂ ತುಟಿಪಿಟಕ್ಕೆನ್ನಲಿಲ್ಲ. ಆಮೇಲೆ ಜ್ಯೋತಿಲಕ್ಷ್ಮಿ ಕುಸಿದು ಕೂತಳು. ಅಂಗಾಲಿನ ತುಂಬ ಬೊಬ್ಬೆ.

"ಯಾಕೇ ಇಲ್ಲೂ ಶೂ ಬಿಚ್ಚಿದೆ?" ಅಂದೆ.

"ಮೈದಾನದೊಳಗೆ ಮೆಟ್ಟು ಹಾಕ್ಬಾರ್ದು ಅಂತ ಬೈರಯ್ಯ ಸಾರ್ ಹೇಳ್ತಿದ್ರಲ್ಲ ಮಿಸ್."

ಅಷ್ಟರಲ್ಲಿ ಕ್ಲಬ್ಬಿನ ಕಾರ್ಯದರ್ಶಿ ಬಂದರು. "ಪಾಪ, ಇವ್ರಿಗೆ ಶೂ ಹಾಕೋ ಅಭ್ಯಾಸಾನೇ ಇಲ್ಲ ಅನ್ಸತ್ತೆ, ಅಲ್ವಾ ಮೇಡಂ?" ಅಂದರು.

ನಾನು ಹೂಂ ಅಂದೆ, ಸಾರ್.

ಜ್ಯೋತಿಲಕ್ಷ್ಮಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಅಂಬುಜಾ