ಆಡು ಅಲ್ಲಪ್ಪ, ಆಡೈ

ಅಪ್ಪಾ,

ಮೊದಲು ವಿಷಯ ಹೇಳಿಬಿಡುತ್ತೇನೆ, ಆಮೇಲೆ ಬಯ್ಯುವೆಯಂತೆ. ನಾನು ಆಡಿನ ಡಾಕ್ಟರ್ ಆಗುವುದಿಲ್ಲ. ಕೃಷ್ಣಗಿರಿಯ ಕಾಲೇಜಿನಲ್ಲಿ ಮೂರು ವರ್ಷ ನಾನು ಓದಿದ್ದು ಬಟ್ಟೆಯ ಓದು. ಆಡಿನ ಬಗ್ಗೆ ಅಲ್ಲಿ ಯಾರೂ ಒಂದಕ್ಷರ ಹೇಳಿಕೊಟ್ಟಿಲ್ಲ. ನೀನಿದ್ದಾಗ ಹೇಳಲು ಬಾಯಿ ಬರಲಿಲ್ಲ. ಈಗ ನೀನಿಲ್ಲದ ಜಗುಲಿಯಲ್ಲಿ ಒಬ್ಬಳೇ ಕೂತು ಬರೆಯುತ್ತಿದ್ದೇನೆ. ಎಂಥ ಧೈರ್ಯ ನೋಡು ನಂದು!

ಕಾಲೇಜಿಗೆ ಸೇರಿಸಿದ ದಿನ ನೆನಪಿದೆಯಾ? ಆಫೀಸಿನವನು ಅರ್ಜಿ ನೋಡಿ ತಮಿಳಿನಲ್ಲಿ, "ಆಡೈ ವಡಿವಮೈಪ್ಪು" ಅಂತ ಓದಿದ. ಆಡೈ ಅಂದರೆ ಉಡುಪು, ವಡಿವಮೈಪ್ಪು ಅಂದರೆ ವಿನ್ಯಾಸ. ಆದರೆ ಅದು ಪುಸ್ತಕದ ತಮಿಳು. ಗಡಿಯಲ್ಲಿರುವ ನಮ್ಮ ಗುಮ್ಮಳಾಪುರದಲ್ಲಿ ತಮಿಳು ಮಾತಾಡುವಾಗಲೂ ಬಟ್ಟೆಗೆ ತುಣಿ ಅಂತ ತಾನೇ ಅನ್ನುವುದು? ನಿನ್ನ ಕಿವಿಗೆ ಬಿದ್ದದ್ದು ಆಡು. ವಾಪಸ್ ಬರುವಾಗ ಬಸ್ಸು ರಾಯಕೋಟೆ ದಾಟಿದಮೇಲೆ ನೀನು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದೆ.

"ಆಡಿನ ಓದಾ ಮಗ? ಮೊದ್ಲೇ ಯೋಳ್ಬಾರ್ದಾ! ನೀನೆಲ್ಲಿ ಆ ಫ್ಯಾಷನ್ನಿಗೇ ಸೇರ್ಕಂಡ್ಬುಟ್ಯೋ ಅಂತ ಎದ್ರಿದ್ದೆ ಕಣವ್ವ."

ತಿದ್ದಬೇಕಿತ್ತು. ಬಾಯಿ ತೆರೆದೆ ಕೂಡ. ಅಷ್ಟರಲ್ಲಿ ನೀನು ಕಂಡಕ್ಟರನ್ನು ಕೂಗಿ, "ನನ್ ಮಗ್ಳು ಆಡಿನ ಡಾಕ್ಟ್ರಿಗೆ ಓದ್ತಾಳೆ!" ಅಂದುಬಿಟ್ಟೆ. ಅರ್ಧ ಬಸ್ಸು ತಿರುಗಿ ನೋಡಿತು. ನಿನ್ನ ಮುಖ ಅಷ್ಟು ಅರಳಿದ್ದನ್ನು ನಾನು ಅವ್ವ ಹೋದಮೇಲೆ ನೋಡಿಯೇ ಇರಲಿಲ್ಲ. ಆಗ ನಾನು ಹೇಗೆ...

ಅದಕ್ಕೆ ಹದಿನೈದು ದಿನ ಮುಂಚೆ ಪಕ್ಕದ ಮನೆ ಮುನಿಯಪ್ಪಣ್ಣ ಇದೇ ಜಗುಲಿಯಲ್ಲಿ ಕೂತಿದ್ದ. ನಾನು ಫ್ಯಾಷನ್ ಓದಬೇಕು ಅಂದದ್ದೇ ತಡ, ನಕ್ಕೂ ನಕ್ಕೂ ಕೆಮ್ಮು ಬರಿಸಿಕೊಂಡ. "ಅರ್ಧ ಬಟ್ಟೆ ಆಕ್ಕಂಡು ನಾಕ್ ಜನದ್ ಮುಂದೆ ನಡ್ಯೋದು ತಾನೆ? ಅದಕ್ಕೊಂದು ಕಾಲೇಜ್ ಬ್ಯಾರೆ! ಒಲ್ಯೋದ್ ಕಲೀಬೇಕಂದ್ರೆ ಟೈಲರ್ ಅಂಗ್ಡೀಲಿ ಮೂರ್ ತಿಂಗ್ಳು ಕುಂತ್ರೆ ಸಾಲ್ದಾ?" ಅಂದ. ನೀನು ಜಗಳಕ್ಕೆ ನಿಲ್ಲುತ್ತೀಯ ಅಂದುಕೊಂಡೆ. ನೀನು ಹೆಗಲ ಮೇಲಿನ ಟವಲ್ಲು ಕೊಡವಿ, "ಬ್ಯಾರೆ ಏನಾರ ಓದವ್ವ" ಅಂದೆ, ಅಷ್ಟೆ. ನನಗೆ ನಿನ್ನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಮಾರನೇ ದಿನವೇ ಹಟಕ್ಕೆ ಬಿದ್ದು ಆ ಅರ್ಜಿ ತುಂಬಿದ್ದು.

ಮುನಿಯಪ್ಪಣ್ಣನನ್ನೇ ಯಾಕೆ ಅನ್ನಲಿ? ನಾನೂ ಬಣ್ಣದ ಪೆನ್ಸಿಲ್ ಡಬ್ಬಿ ಹಿಡಿದು, ಚೆಂದದ ಚಿತ್ರ ಬರೆಯುವುದೇ ಓದು ಅಂದುಕೊಂಡು ಹೋದವಳು. ಮೊದಲ ತಿಂಗಳೆಲ್ಲ ಭೂತಗನ್ನಡಿ ಹಿಡಿದು ಒಂದು ಅಂಗುಲ ಬಟ್ಟೆಯಲ್ಲಿ ಎಷ್ಟು ಎಳೆ ಅಂತ ಎಣಿಸಿದೆ. ಬಟ್ಟೆಯನ್ನು ಒಗೆದು, ಒಣಗಿಸಿ, ಎಷ್ಟು ಕುಗ್ಗಿತು ಅಂತ ಅಳೆದು ಬರೆದೆ. ಬಣ್ಣ ಯಾಕೆ ನಿಲ್ಲುತ್ತದೆ ಅನ್ನುವುದಕ್ಕೆ ರಸಾಯನಶಾಸ್ತ್ರ, ಕಂಕುಳ ಸುತ್ತಿನ ಗೆರೆಗೆ ಲೆಕ್ಕ. ಒಂದು ಕಾಲರು ಹೊಲಿದು ತೋರಿಸಿದರೆ ಟೀಚರಮ್ಮ, "ಪಿರಿ, ತಿರುಂಬ ತೈ" ಅನ್ನುತ್ತಿದ್ದರು. ಬಿಚ್ಚು, ಮತ್ತೆ ಹೊಲಿ. ಅದೊಂದೇ ಕಾಲರನ್ನು ಹನ್ನೊಂದು ಸಲ ಬಿಚ್ಚಿದೆ ಅಪ್ಪಾ. ಅರ್ಧ ಬಟ್ಟೆ ಹಾಕಿಕೊಂಡು ನಡೆಯುವುದಿರಲಿ, ನಿಂತು ನಿಂತು ಕಾಲು ಬಾತು ಮಂಚ ಹತ್ತಲೂ ಆಗುತ್ತಿರಲಿಲ್ಲ.

ಸಾಯಂಕಾಲ ಆರಕ್ಕೆ ನಿನ್ನ ಫೋನು. "ಉಂಡ್ಯಾ ಮಗ?" ಅಂದ ಕೂಡಲೇ ಆಡಿನ ಸಮಾಚಾರ. "ಕರಿ ಆಡು ಮೇವ್ ಮುಟ್ತಿಲ್ಲ ಕಣವ್ವ, ಒಟ್ಟೆ ಉಬ್ರೈತೆ, ಏನ್ ಮಾಡ್ಲಿ?" ನಾನು ಫೋನು ಹಿಡಿದುಕೊಂಡೇ ಹಾಸ್ಟೆಲಿನ ಅಡುಗೆಯಕ್ಕನ ಹತ್ತಿರ ಓಡುತ್ತಿದ್ದೆ. ಅವರ ಮನೆಯಲ್ಲಿ ಆಡು ಸಾಕಿದ್ದರು. ಅವರು ತಮಿಳಿನಲ್ಲಿ ಹೇಳಿದ್ದನ್ನು ನಾನು ಡಾಕ್ಟರ ಗತ್ತಿನಲ್ಲಿ ಕನ್ನಡ ಮಾಡಿ, ಓಮದ ಕಾಳು ಕುದಿಸಿ ಕುಡಿಸು ಅಂತ ಹೇಳುತ್ತಿದ್ದೆ. ಮಾರನೇ ದಿನ ಆಡು ಎದ್ದು ಓಡಾಡುತ್ತಿತ್ತು, ನೀನು ಊರೆಲ್ಲ ಸುತ್ತಿ ಹೇಳಿಕೊಂಡು ಬರುತ್ತಿದ್ದೆ. ನನ್ನ ಕರ್ಮ! ಆದರೆ ಒಂದು ಮಾತು ಹೇಳಲಾ? ಆ ಹಾಸ್ಟೆಲಿನಲ್ಲಿ ನಾನು ದಿನಕ್ಕೆ ಕನ್ನಡ ಮಾತಾಡುತ್ತಿದ್ದದ್ದು ಆ ಹತ್ತು ನಿಮಿಷ ಮಾತ್ರ.

ಎರಡನೇ ವರ್ಷದ ರಜೆಯಲ್ಲಿ ನನ್ನ ಬ್ಯಾಗಿನಿಂದ ಅಳತೆ ಟೇಪು ಜಾರಿ ಬಿತ್ತಲ್ಲ, ಆ ದಿನ. ಮನೆಯ ಗಂಡಸರೊಬ್ಬರ ಅಳತೆ ತಂದು ಅಂಗಿ ಹೊಲಿಯಿರಿ ಅಂತ ಟೀಚರಮ್ಮ ಹೇಳಿ ಕಳಿಸಿದ್ದರು. ಪುಸ್ತಕದಲ್ಲಿ ಒಂದು ಹಾಳೆಗೆ ಮೇಲೆ "ಅಪ್ಪ" ಅಂತ ಬರೆದುಕೊಂಡೇ ಬಂದಿದ್ದೆ. "ಇದ್ಯಾತಕ್ಕವ್ವ ಟೇಪು?" ಅಂದೆ ನೀನು. ನನ್ನ ನಾಲಿಗೆಗೆ ಏನು ಬಂದಿತ್ತೋ, "ಆಡಿನ ಎದೆ ಅಳ್ಯೋಕೆ. ಅದ್ರಿಂದ ತೂಕ ಗೊತ್ತಾಗುತ್ತೆ" ಅಂದೆ. ನೀನು ತಡ ಮಾಡಲಿಲ್ಲ. ಕರಿ ಆಡನ್ನು ಎಳೆದು ತಂದು, ಎರಡು ಮಂಡಿಯ ನಡುವೆ ಒತ್ತಿ ಹಿಡಿದು, "ಅಳಿ ಮಗ" ಅಂದೆ. ಅಳೆದೆ. ಇಪ್ಪತ್ತೆಂಟು ಅಂಗುಲ. ನಿನ್ನ ಎದೆ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ನಿನ್ನ ಹೆಸರಿನ ಹಾಳೆಯಲ್ಲಿ ಆಡಿನ ಅಳತೆ ಬರೆದುಕೊಂಡೆ. ಕಾಲೇಜಿಗೆ ಹೋಗಿ, ಪುಸ್ತಕದಲ್ಲಿದ್ದ ಯಾರದೋ ಅಳತೆಗೆ ಅಂಗಿ ಹೊಲಿದು ಒಪ್ಪಿಸಿದೆ. ಒಳ್ಳೆಯ ಮಾರ್ಕು ಬಂತು, ಬೆಂಕಿ ಹಾಕ.

ಕೊನೆಯ ಪರೀಕ್ಷೆಗೆ ಒಂದು ತಿಂಗಳಿತ್ತು. ನಿನ್ನ ನಂಬರಿನಿಂದ ಬೆಳಿಗ್ಗೆ ಫೋನು ಬಂದಾಗ ಆಡಿಗೆ ಏನೋ ಆಗಿದೆ ಅಂದುಕೊಂಡೆ. ಮಾತಾಡಿದ್ದು ಮುನಿಯಪ್ಪಣ್ಣ. "ನಿಮ್ಮಪ್ಪ ಒಲದಾಗೇ ಒಂಟೋಗ್ಬುಟ್ಟ ಕಣವ್ವ, ಬಿರ್ನೆ ಬಾ." ಕಾರ್ಯ ಮುಗಿಸಿ ವಾಪಸ್ ಹೋದಮೇಲೆ ಸಾಯಂಕಾಲ ಆರು ಆಯಿತೆಂದರೆ ಕೈ ತಾನಾಗಿ ಫೋನಿಗೆ ಹೋಗುತ್ತಿತ್ತು. ಹೊಲಿಗೆ ಕೋಣೆಯಲ್ಲಿ ಬಟ್ಟೆ ಉಡಿಸಿ ನೋಡಲು ತಲೆಯಿಲ್ಲದ ಒಂದು ಬೊಂಬೆ ಇದೆ. ಯಾರೂ ಇಲ್ಲದಾಗ ಅದರ ಹತ್ತಿರ ಕನ್ನಡ ಮಾತಾಡುತ್ತಿದ್ದೆ. ನಗಬೇಡ. ಇನ್ಯಾರ ಹತ್ತಿರ ಆಡಲಿ, ಹೇಳು?

ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದೇನೆ. ಇವತ್ತು ಬೆಳಿಗ್ಗೆ ಮುನಿಯಪ್ಪಣ್ಣ ಬಂದ. ನೀನು ಹೋದಮೇಲೆ ಆಡುಗಳು ಅವನ ಹತ್ತಿರವೇ ಇವೆ. ಕರಿ ಆಡಿನ ಕಿವಿ ಹಿಡಿದುಕೊಂಡು, "ಡಾಕ್ಟ್ರಮ್ಮ, ಕುಂಟ್ತಾ ಐತೆ, ಒಸಿ ನೋಡು" ಅಂದ. ಹಾಸ್ಟೆಲು ಬಿಟ್ಟಾಗಿತ್ತು, ಕೇಳಲು ಅಡುಗೆಯಕ್ಕನೂ ಇಲ್ಲ. ಅಂದುಬಿಟ್ಟೆ. "ನಂಗೆ ಗೊತ್ತಾಗಲ್ಲ ಮುನಿಯಪ್ಪಣ್ಣ. ನಾನ್ ಓದಿದ್ದು ಆಡಲ್ಲ, ಬಟ್ಟೆ. ಫ್ಯಾಷನ್ನು."

ಅವನು ಆಡನ್ನು ನೋಡಿದ, ನನ್ನನ್ನು ನೋಡಿದ. ಪುಣ್ಯಕ್ಕೆ ಮೈತುಂಬ ಬಟ್ಟೆ ಹಾಕಿದ್ದೆ.

"ನಿಮ್ಮಪ್ಪಂಗೆ ಯೋಳಿದ್ಯಾ?"

"ಇಲ್ಲ."

"ಯೋಳ್ಬೇಕಿತ್ತು ಕಣವ್ವ. ಒಂದಿನ ಬಯ್ತಿದ್ದ. ಎಲ್ಡನೇ ದಿನ ಬಟ್ಟೆ ತಂದು ಮುಂದೆ ಆಕ್ಬುಟ್ಟು, ನಂಗೊಂದು ಅಂಗಿ ಒಲ್ಕೊಡು ಅಂತಿದ್ದ. ನಿಮ್ಮಪ್ಪ ನಂಗ್ ಗೊತ್ತಿಲ್ವಾ?"

ಅಪ್ಪಾ, ನಿನ್ನ ಹೆಣದ ಮುಂದೆಯೂ ನಾನು ಅಷ್ಟು ಅತ್ತಿರಲಿಲ್ಲ. ಪಾಪ, ಅವನಿಗೆ ಏನು ಮಾಡಬೇಕೋ ತೋಚಲಿಲ್ಲ. ಆಡನ್ನು ಕಂಬಕ್ಕೆ ಕಟ್ಟಿ ಎರಡೂ ಕೈ ಅಗಲಿಸಿ ನಿಂತ. "ಅಳ್ಬ್ಯಾಡ ಸುಮ್ಕಿರು. ತಗೋ, ನನ್ ಅಳ್ತೆ ತಗೋ. ಅರ್ಧ ಅಂಗಿ ಗಿರ್ಧ ಅಂಗಿ ಒಲ್ದೀಯ ಮತ್ತೆ! ತುಂಬುತೋಳಿಂದೇ ಬೇಕು."

ಪುಸ್ತಕ ತಂದೆ. ನಿನ್ನ ಹಾಳೆಯನ್ನು ಹಾಗೇ ಬಿಟ್ಟು, ಮುಂದಿನ ಹಾಳೆಯಲ್ಲಿ ಅವನ ಹೆಸರು ಬರೆದೆ. ಎದೆಗೆ ಟೇಪು ಸುತ್ತಿದ ಕೂಡಲೇ ಎದೆಯುಬ್ಬಿಸಿ ಉಸಿರು ಬಿಗಿ ಹಿಡಿದುಬಿಟ್ಟ. "ಉಸ್ರು ಬುಡು ಮುನಿಯಪ್ಪಣ್ಣ, ಇಲ್ದಿದ್ರೆ ಅಂಗಿ ಸಡ್ಲ ಆಗುತ್ತೆ" ಅಂದೆ. ಈ ಊರಲ್ಲಿ ನಾನು ತೆಗೆದುಕೊಂಡ ಮೊದಲ ಅಳತೆ ಅದು. ಭಾನುವಾರದೊಳಗೆ ಹೊಲಿದು ಕೊಡುತ್ತೇನೆ ಅಂದಿದ್ದೇನೆ.

ನೀನೂ ಹಾಗೇ ಉಸಿರು ಬಿಗಿ ಹಿಡಿಯುತ್ತಿದ್ದೆಯಾ ಅಪ್ಪಾ? ಆಡಿನ ಎದೆಯಳತೆ ಮಾತ್ರ ಗೊತ್ತು ನನಗೆ, ಇಪ್ಪತ್ತೆಂಟು.

ನಿನ್ನ ಮಗಳು,
ಜಯ