ನಿನ್ನ ಅಳತೆಯ ಸೀಟು

ಅಮ್ಮಾ,

ಇದೊಂದನ್ನು ಹೇಳದೆಯೇ ಬಿಡೋಣ ಎಂದುಕೊಂಡಿದ್ದೆ: ನನಗೆ ಪೆಟ್ಟಾದದ್ದು ನಿನ್ನ ಕಾರಿನಲ್ಲಿ, ನಿನ್ನ ಸೀಟಿನಲ್ಲಿ.

ಸಿಗ್ನಲ್‌ನಲ್ಲಿ ನಿಂತಿದ್ದಾಗ ವ್ಯಾನೊಂದು ಹಿಂದಿನಿಂದ ಗುದ್ದಿತು. ತಲೆ ಹಿಂದಕ್ಕೆ ಎಗರಿ ಮುಂದಕ್ಕೆ ಬಂತು. ರಕ್ತವಿಲ್ಲ, ಎಕ್ಸ್‌ರೇಯಲ್ಲೂ ಏನಿಲ್ಲ. ಆದರೆ ಯಾರಾದರೂ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕು.

ಇವತ್ತು ಫಿಸಿಯೋಥೆರಪಿಸ್ಟ್ ಕುತ್ತಿಗೆಪಟ್ಟಿ ಬಿಚ್ಚಿಸಿದಳು. "ಇದನ್ನ ಕಟ್ಕೊಂಡು ಗೊಂಬೆ ಥರ ಕೂತ್ರೆ ವಾಸಿಯಾಗಲ್ಲ ಮೇಡಂ. ಸ್ವಲ್ಪ ನೋವಾದ್ರೂ ಮೆಲ್ಲಗೆ ತಿರುಗಿಸ್ತಾ ಇರ್ಬೇಕು." ಆಮೇಲೆ ಕೇಳಿದಳು: "ಸೀಟಿನ ಹೆಡ್‌ರೆಸ್ಟ್ ತಲೆ ಮಟ್ಟಕ್ಕೆ ಇರ್ಲಿಲ್ವಾ?"

"ನೋಡಿರಲಿಲ್ಲ" ಎಂದೆ.

ಅದು ನಿನ್ನ ಎತ್ತರಕ್ಕಿತ್ತು, ನನ್ನ ಕುತ್ತಿಗೆಯಿಂದ ಕೆಳಗೆ. "ನೀನು ಓಡಿಸಿದ್ಮೇಲೆ ನನ್ನ ಸೀಟೇ ನನಗೆ ಅತ್ತೆಮನೆ ಆಗುತ್ತೆ ಕಣೇ" ಎಂದು ಬೈಯುತ್ತಿದ್ದೆಯಲ್ಲ. ನೀನು ತೀರಿಹೋದ ಮೇಲೆ ನಾನು ಏನನ್ನೂ ಕದಲಿಸಲಿಲ್ಲ. ಮಂಡಿ ಸ್ಟೀರಿಂಗಿಗೆ ತಾಗಿದರೂ ಹಾಗೆಯೇ ಓಡಿಸಿದೆ. ಅದು ಪ್ರೀತಿಯೋ ಬರೀ ಹಟವೋ, ನನಗೆ ಗೊತ್ತಿಲ್ಲ.

ಸಂಜೆ ಮೆಕ್ಯಾನಿಕ್ ಕಾರು ತಂದುಕೊಟ್ಟ. "ಇಷ್ಟುದ್ದ ಇದ್ದೀರ, ಮುದುರ್ಕೊಂಡು ಹೇಗೆ ಓಡಿಸ್ತಿದ್ರಿ ಅಕ್ಕಾ? ಎಲ್ಲಾ ನಿಮಗೆ ಸರಿ ಮಾಡಿದೀನಿ" ಎಂದು ನಕ್ಕ.

ಕೂತೆ. ತಲೆಗೆ ಆಸರೆ ಸಿಕ್ಕಿತು, ಕಾಲಿಗೆ ಜಾಗ ಸಿಕ್ಕಿತು. ಅವನು ಹೋದ ಮೇಲೆ ಸೀಟನ್ನು ಮುಂದಕ್ಕೆಳೆದೆ, ಹಿಂದಕ್ಕೆ ತಳ್ಳಿದೆ, ಮತ್ತೆ ಎಳೆದೆ. ನೀನು ಕೂರುತ್ತಿದ್ದ ಜಾಗ ಯಾವುದೆಂದು ತಿಳಿಯಲೇ ಇಲ್ಲ.

ನಿನ್ನ ಹಳೆಯ ವಿಳಾಸದಲ್ಲಿ ಈಗ ಯಾರಿದ್ದಾರೋ. ಆದರೂ ಅಲ್ಲಿಗೇ ಅಂಚೆಗೆ ಹಾಕುತ್ತೇನೆ, ನಿನ್ನ ಹುಟ್ಟುಹಬ್ಬಕ್ಕೆ, ಜೂನ್ ಒಂಬತ್ತರಂದು.